ಹಿಮ್ಮೇಳ ಎಂಬ ಹಳೆಯ ಶಾಲೆ

ಊರ ಜಾತ್ರೆಯ ರಾತ್ರಿ. ತೇರು ಎಳೆದಾಗಿದೆ, ಊಟ ಮುಗಿದಿದೆ. ಗುಡಿಯ ಮುಂದಿನ ಬಯಲಿನಲ್ಲಿ ಜಮಖಾನೆ ಹಾಸಿ ಜನ ಕೂತಿದ್ದಾರೆ. ಒಂದು ಕಡೆ ಹರದೇಶಿ ಮೇಳ, ಎದುರಿಗೆ ನಾಗೇಶಿ ಮೇಳ. ಬೆಳಗಿನ ತನಕ ಹಾಡಕಿ ನಡೆಯಬೇಕು. ಮುಂದೆ ನಿಂತವನು ದಪ್ಪು ಬಾರಿಸುತ್ತ ಒಂದು ನುಡಿ ಎತ್ತುತ್ತಾನೆ. ಅದು ಮುಗಿಯುವ ಮೊದಲೇ ಹಿಂದೆ ನಿಂತ ಇಬ್ಬರು, ಒಬ್ಬನ ಕೈಯಲ್ಲಿ ತುಂತುಣಿ, ಇನ್ನೊಬ್ಬನ ಕೈಯಲ್ಲಿ ಕಂಚಿನ ತಾಳ, ಆ ನುಡಿಯ ಕೊನೆಯನ್ನು ಎತ್ತಿಕೊಂಡು ತಾವೂ ಹಾಡುತ್ತಾರೆ.

ಅಜ್ಜನ ತೊಡೆಗೆ ಒರಗಿ ಕೂತ ಹುಡುಗನಿಗೆ ಒಂದು ಅನುಮಾನ ಬರುವುದು ಸಹಜ. “ಅಜ್ಜಾ, ಮುಂದಿನವ ಹಾಡಿದ್ದನ್ನ ಹಿಂದಿನವರು ಮತ್ತ್ಯಾಕ ಹಾಡತಾರ?”

“ಅಂವಗ ಉಸರ ಬ್ಯಾಡೇನೋ ತಮ್ಮಾ?”

ಅಜ್ಜನ ಉತ್ತರದಲ್ಲಿ ಶರೀರಶಾಸ್ತ್ರವಿದೆ, ಭೌತಶಾಸ್ತ್ರವೂ ಇದೆ. ಆದರೆ ಅದು ಅರ್ಧ ಉತ್ತರ ಮಾತ್ರ. ಉಳಿದರ್ಧವನ್ನು ತಿಳಿಯಬೇಕಾದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಹಾಡುಗಳ ಕಥೆಯನ್ನೇ ಸ್ವಲ್ಪ ನೋಡಬೇಕು.

ಹಿಂದಿನವರಿಂದ ಬಂದ ಹೆಸರು

ಗೀಗೀ ಪದಕ್ಕೆ ಆ ಹೆಸರು ಹೇಗೆ ಬಂತು? ಮುಂದಿನವನು ಹಾಡುವ ಕಥೆಯಿಂದ ಬಂದದ್ದಲ್ಲ, ಹಾಡು ಕಟ್ಟಿದ ಕವಿಯಿಂದಲೂ ಅಲ್ಲ. ನುಡಿಯ ಕೊನೆಗೆ ಹಿಮ್ಮೇಳದವರು ‘ಗೀಯ ಗೀಯ’ ಎಂದು ದನಿ ಎಳೆಯುತ್ತಾರಲ್ಲ, ಅದರಿಂದ ಬಂದ ಹೆಸರು ಅದು. ಸಂಗೀತದ ಒಂದು ಪ್ರಕಾರಕ್ಕೆ ಹಿಂದೆ ನಿಂತವರ ದನಿಯಿಂದಲೇ ಹೆಸರು ಬಿದ್ದಿರುವುದು ಅಪರೂಪ.

ಮೇಳ ದೊಡ್ಡದಲ್ಲ. ಮೂವರು, ಹೆಚ್ಚೆಂದರೆ ನಾಲ್ವರು. ಹರದೇಶಿಯವರು ಗಂಡು ಹೆಚ್ಚೆಂದು ಹಾಡಿದರೆ ನಾಗೇಶಿಯವರು ಹೆಣ್ಣು ಹೆಚ್ಚೆಂದು ಹಾಡುತ್ತಾರೆ. ಒಬ್ಬರು ಪುರಾಣದಿಂದ ಸವಾಲು ಹಾಕಿದರೆ ಎದುರಿನವರು ಹಾಡಿನಲ್ಲಿಯೇ ಜವಾಬು ಕೊಡಬೇಕು. ಪದ ನಿಧಾನವಾಗಿ ಆರಂಭವಾಗಿ ‘ಏರು’ ಬಂದಾಗ ದನಿ ಮೇಲಕ್ಕೆ ಹೋಗುತ್ತದೆ, ‘ಇಳುವು’ ಬಂದಾಗ ಕೆಳಗಿಳಿಯುತ್ತದೆ. ಇಂಥ ಹತ್ತಾರು ಪದಗಳು ಒಂದು ರಾತ್ರಿಗೆ ಬೇಕು. ಒಂದೇ ಕೊರಳಿನಿಂದ ಆಗುವ ಕೆಲಸ ಇದಲ್ಲ.

ಸಣ್ಣಾಟದಲ್ಲಿಯೂ ಹೀಗೆಯೇ. ಬೈಲಹೊಂಗಲದಲ್ಲಿ ನಡೆಯಿತೆನ್ನಲಾದ ಘಟನೆಯನ್ನು ಆಧರಿಸಿ ಪತ್ತಾರ ಮಾಸ್ತರರು ಕಟ್ಟಿದ ‘ಸಂಗ್ಯಾ ಬಾಳ್ಯಾ’ ನಾಡಿಗೆಲ್ಲ ಗೊತ್ತು. ಅದರ ಸಂಗ್ಯಾ, ಬಾಳ್ಯಾ, ಗಂಗಿಯರ ಹೆಸರು ಎಲ್ಲರ ಬಾಯಲ್ಲಿದೆ. ಪಾತ್ರಧಾರಿ ಹಾಡಿದ ಮಾತನ್ನು ಹಿಂದಿನಿಂದ ಎತ್ತಿ ಮುಂದುವರಿಸಿ, ಅವನು ಕುಣಿಯುವಷ್ಟು ಹೊತ್ತು ಹಾಡನ್ನು ನೆಲಕ್ಕೆ ಬೀಳಗೊಡದೆ ಹಿಡಿಯುವ ಹಿಮ್ಮೇಳದವರ ಹೆಸರನ್ನು ಮಾತ್ರ ಯಾರೂ ಕೇಳುವುದಿಲ್ಲ.

ಉಸಿರಿನ ಲೆಕ್ಕ

ಸುಮ್ಮನೆ ಕೂತಾಗ ನಾವು ಒಂದು ಸಲಕ್ಕೆ ಒಳಗೆ ಎಳೆದುಕೊಳ್ಳುವ ಗಾಳಿ ಸುಮಾರು ಅರ್ಧ ಲೀಟರು. ದೀರ್ಘವಾಗಿ ಎಳೆದುಕೊಂಡು ಪೂರ್ತಿ ಹೊರಗೆ ಬಿಟ್ಟರೆ ಆರೋಗ್ಯವಂತ ವಯಸ್ಕನಲ್ಲಿ ಅದು ಮೂರರಿಂದ ಐದು ಲೀಟರಿನಷ್ಟಾಗುತ್ತದೆ. ಹಾಡುಗಾರನ ಬಂಡವಾಳ ಇಷ್ಟೇ. ಈ ಗಾಳಿ ಗಂಟಲಿನ ಧ್ವನಿತಂತುಗಳ ನಡುವೆ ಹಾಯ್ದು ಅವುಗಳನ್ನು ಕಂಪಿಸುತ್ತದೆ. ಗಟ್ಟಿಯಾಗಿ ಹಾಡಿದಷ್ಟೂ ಗಾಳಿಯನ್ನು ಹೆಚ್ಚು ಒತ್ತಡದಿಂದ ದೂಡಬೇಕು, ದಣಿವೂ ಬೇಗ ಬರುತ್ತದೆ.

ಮುಮ್ಮೇಳದವನು ನುಡಿಯ ಕೊನೆಯಲ್ಲಿ ಉಸಿರು ಎಳೆದುಕೊಳ್ಳಲು ನಿಂತರೆ ಹಾಡು ತುಂಡಾಗುತ್ತದೆ. ಹಿಂದಿನವರು ಅದೇ ಗಳಿಗೆಗೆ ಎತ್ತಿಕೊಂಡರೆ ಹಾಡು ನಿಲ್ಲುವುದಿಲ್ಲ. ಅವನಿಗೆ ಉಸಿರಿನ ಜೊತೆಗೆ ಮುಂದಿನ ನುಡಿಯನ್ನು ನೆನಪಿಗೆ ತಂದುಕೊಳ್ಳಲೂ ನಾಲ್ಕಾರು ಸೆಕೆಂಡು ಸಿಗುತ್ತದೆ. ಸವಾಲಿಗೆ ಜವಾಬು ಕೊಡಬೇಕಾದವನಿಗೆ ಆ ಸೆಕೆಂಡುಗಳ ಬೆಲೆ ಬಹಳ.

ಪಾಶ್ಚಾತ್ಯರ ಸಮೂಹ ಗಾಯನದಲ್ಲಿಯೂ ಇಂಥ ಉಪಾಯವಿದೆ. ಒಂದು ಸ್ವರವನ್ನು ಬಹಳ ಹೊತ್ತು ಹಿಡಿಯಬೇಕಾದಾಗ ಎಲ್ಲರೂ ಒಮ್ಮೆಗೇ ಉಸಿರು ಎಳೆಯುವುದಿಲ್ಲ. ಒಬ್ಬರಾದ ಮೇಲೆ ಒಬ್ಬರು ಎಳೆದುಕೊಳ್ಳುತ್ತಾರೆ. ಕೇಳುವವರಿಗೆ ಸ್ವರ ಎಲ್ಲಿಯೂ ಕಡಿದಂತೆ ತೋರುವುದಿಲ್ಲ. 2013ರಲ್ಲಿ ಸ್ವೀಡನ್ ದೇಶದ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದ ಸಂಶೋಧಕರು ಹದಿನೆಂಟು ವರ್ಷದ ವಿದ್ಯಾರ್ಥಿಗಳು ಕೂಡಿ ಹಾಡುವಾಗ ಅವರ ಎದೆಬಡಿತವನ್ನು ಅಳೆದು ನೋಡಿದರು. ಹಾಡಿನ ಸಾಲಿಗೆ ತಕ್ಕಂತೆ ಉಸಿರಾಟ ಒಂದಾದಾಗ ಎದೆಬಡಿತದ ಏರಿಳಿತಗಳೂ ಒಂದಕ್ಕೊಂದು ಹೊಂದಿಕೊಂಡು ನಡೆದದ್ದು ಕಂಡುಬಂತು. ಕೂಡಿ ಹಾಡುವವರು ಕೂಡಿಯೇ ಉಸಿರಾಡುತ್ತಾರೆ ಎಂಬುದು ಬರಿಯ ಮಾತಲ್ಲ.

ಮೂವರ ದನಿ ಮೂರು ಪಟ್ಟಲ್ಲ

ಒಬ್ಬನ ಬದಲು ಇಬ್ಬರು ಹಾಡಿದರೆ ದನಿ ಎರಡು ಪಟ್ಟು ಜೋರಾಗಿ ಕೇಳಬೇಕಲ್ಲವೇ? ಇಲ್ಲ. ಶಬ್ದದ ಶಕ್ತಿ ಇಮ್ಮಡಿಯಾದರೆ ಅಳತೆಯಲ್ಲಿ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ನಮ್ಮ ಕಿವಿಗೆ ‘ಎರಡು ಪಟ್ಟು ಜೋರು’ ಎನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಹೆಚ್ಚಬೇಕು. ಅಂದರೆ ಒಬ್ಬನ ಜಾಗದಲ್ಲಿ ಅದೇ ಬಲದಿಂದ ಹಾಡುವ ಹತ್ತು ಜನ ನಿಲ್ಲಬೇಕು. ಬಯಲಿನಲ್ಲಿ ಇನ್ನೊಂದು ತೊಂದರೆ. ಗೋಡೆ, ಮಾಳಿಗೆಗಳಿಲ್ಲದ ಕಡೆ ದೂರ ಎರಡು ಪಟ್ಟಾದರೆ ಶಬ್ದದ ತೀವ್ರತೆ ಕಾಲುಭಾಗಕ್ಕೆ ಇಳಿಯುತ್ತದೆ. ಕಲ್ಲಿನ ಕಟ್ಟಡದಲ್ಲಿ ಗೋಡೆಗಳೇ ದನಿಯನ್ನು ಮರಳಿ ಕಳಿಸುತ್ತವೆ. ಹೊಲದ ಕಣದಲ್ಲಿ ಆ ಸೌಕರ್ಯವಿಲ್ಲ.

ಅದಕ್ಕೇ ಮೇಳದವರು ದನಿಯನ್ನು ಎತ್ತರದ ಶ್ರುತಿಯಲ್ಲಿ ಹಿಡಿದು ಹಾಡುತ್ತಾರೆ. ಮನುಷ್ಯನ ಕಿವಿ ಸುಮಾರು 2,000ದಿಂದ 5,000 ಹರ್ಟ್ಸ್‌ವರೆಗಿನ ಶಬ್ದಕ್ಕೆ ಬಹಳ ಚುರುಕು. ಕಂಚಿನ ತಾಳದ ಕಿಣಿಕಿಣಿಯಲ್ಲಿ ಇಂಥ ಮೇಲಿನ ಕಂಪನಗಳು ಹೇರಳವಾಗಿರುವುದರಿಂದ ದೂರದ ಕಟ್ಟೆಯ ಮೇಲೆ ಕೂತವನಿಗೂ ಲಯ ತಪ್ಪುವುದಿಲ್ಲ. ಹಾಡಿಗೆ ಮುಂಚೆ ದಪ್ಪನ್ನು ಬೆಂಕಿಗೆ ಹಿಡಿಯುವುದನ್ನು ನೋಡಿದವರುಂಟು. ಇಬ್ಬನಿಯ ರಾತ್ರಿಯಲ್ಲಿ ತೊಗಲು ತೇವ ಹೀರಿ ಸಡಿಲಾಗುತ್ತದೆ. ಕಾಸಿದರೆ ತೇವ ಆರಿ ಬಿಗಿಯಾಗುತ್ತದೆ, ನಾದ ಮೇಲೇರುತ್ತದೆ.

ಗುಡ್ಡದ ಮೇಲಿನ ಒಂಟಿ ತಂತಿ

ಬಿಗಿತಕ್ಕೂ ನಾದಕ್ಕೂ ಇರುವ ಸಂಬಂಧವನ್ನು ಪ್ರಯೋಗಶಾಲೆಯ ಸೊನೋಮೀಟರಿನಲ್ಲಿ ತೋರಿಸುತ್ತಾರೆ. ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ ಅದು ಬರಿಗಣ್ಣಿಗೇ ಕಾಣುತ್ತದೆ. ಭರತ ಹುಣ್ಣಿಮೆಯ ಜಾತ್ರೆಗೆ ಬರುವ ಚೌಡಿಕೆ ಮೇಳದವರ ಕೈಯಲ್ಲಿರುವ ಚೌಡಿಕೆ ಅತಿ ಸರಳವಾದ ವಾದ್ಯ. ಒಂದು ಟೊಳ್ಳು ಕೊಳವೆ, ಅದರ ಒಂದು ಬಾಯಿಗೆ ತೊಗಲು, ತೊಗಲಿನ ನಡುವಿನಿಂದ ಹೊರಟ ಒಂದೇ ಒಂದು ತಂತಿ. ಕೊಳವೆಯನ್ನು ಬಗಲಲ್ಲಿ ಅವುಚಿಕೊಂಡು ತಂತಿಯ ಇನ್ನೊಂದು ತುದಿಯನ್ನು ಎಡಗೈಯಲ್ಲಿ ಹಿಡಿದು ಎಳೆಯುತ್ತ, ಬಲಗೈಯ ಚಿಕ್ಕ ಕಡ್ಡಿಯಿಂದ ಮೀಟುತ್ತಾರೆ. ಎಳೆದರೆ ನಾದ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ನಿಯಮ ಇಷ್ಟೇ: ನಾದದ ಕಂಪನ ಸಂಖ್ಯೆ ಎರಡು ಪಟ್ಟಾಗಬೇಕಾದರೆ ಬಿಗಿತ ನಾಲ್ಕು ಪಟ್ಟಾಗಬೇಕು. ಈ ಸೂತ್ರ ಓದದೆಯೇ ಜೋಗತಿಯ ಮುಂಗೈಗೆ ಅದು ಗೊತ್ತು.

ತುಂತುಣಿಯಲ್ಲಿ ತಂತಿಯ ಮೇಲಿನ ತುದಿಯನ್ನು ಬಿದಿರಿನ ಗೂಟಕ್ಕೆ ಬಿಗಿದಿರುತ್ತಾರೆ. ಆದ್ದರಿಂದ ಅದರ ಬಿಗಿತ ಬದಲಾಗದು, ಅದು ಒಂದೇ ಶ್ರುತಿಯನ್ನು ಹಿಡಿದಿರುತ್ತದೆ. ಹಿಮ್ಮೇಳದವನ ಕೈಗೆ ತುಂತುಣಿ ಕೊಡುವುದಕ್ಕೆ ಇದೇ ಕಾರಣ. ಏರಿನಲ್ಲಿ ಎಲ್ಲಿಗೆ ಹೋದರೂ ಮುಂದಿನವನು ಮರಳಿ ಬರಬೇಕಾದ ಮನೆ ಅದು.

ಇಲ್ಲಿ ಒಂದು ಮಾತನ್ನು ಪಾಲಕರೂ ಮಕ್ಕಳಿಗೆ ಬಿಡಿಸಿ ಹೇಳಬೇಕು. ಚೌಡಿಕೆ ಪದಗಳನ್ನು ಉಳಿಸಿಕೊಂಡು ಬಂದ ಎಷ್ಟೋ ಹೆಣ್ಣುಮಕ್ಕಳನ್ನು ಎಳವೆಯಲ್ಲಿಯೇ ದೇವರ ಹೆಸರಿನಲ್ಲಿ ಬಿಟ್ಟು, ಅವರ ಬಾಳನ್ನು ಹಾಳುಮಾಡಲಾಗಿತ್ತು. ಕರ್ನಾಟಕದಲ್ಲಿ ಆ ಪದ್ಧತಿಯನ್ನು 1982ರ ಕಾಯಿದೆ ನಿಷೇಧಿಸಿತು. ಪದ್ಧತಿ ಪೂರ್ತಿ ಹೋಗಬೇಕು, ಹಾಡು ಉಳಿಯಬೇಕು. ಹಾಡನ್ನು ಬಯಸಿದವರೆಲ್ಲ ಸ್ವಇಚ್ಛೆಯಿಂದ ಕಲಿಯುವಂತಾದಾಗ ಮಾತ್ರ ಈ ಎರಡೂ ಆದೀತು.

ನಲವತ್ತು ದನಿಗಳ ಹಾಡು

ಇನ್ನು ಸ್ವಲ್ಪ ದೂರ ಹೋಗಿ ನೋಡೋಣ. ಯುರೋಪಿನ ಚರ್ಚುಗಳ ಸಮೂಹ ಗಾಯನದಲ್ಲಿ ಎಲ್ಲರೂ ಒಂದೇ ಸ್ವರ ಹಾಡುವುದಿಲ್ಲ. ಹೆಣ್ಣಿನ ಎತ್ತರದ ದನಿ, ತಗ್ಗಿನ ದನಿ, ಗಂಡಿನ ಎತ್ತರದ ದನಿ, ತಗ್ಗಿನ ದನಿ ಎಂದು ನಾಲ್ಕು ಪಾಲು ಮಾಡಿ, ನಾಲ್ಕೂ ಬೇರೆ ಬೇರೆ ದಾರಿ ಹಿಡಿದು ಒಟ್ಟಿಗೆ ನಡೆಯುತ್ತವೆ. ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೆ ಬಂದು ನೆಲೆಸಿದ ಮೇಲೆ ಈ ಬಗೆಯ ಹಾಡಿಕೆ ನಮ್ಮ ಸೀಮೆಯ ಚರ್ಚುಗಳಿಗೂ ಬಂತು. ನಮ್ಮ ಮೇಳದಲ್ಲಾದರೋ ಎಲ್ಲರದೂ ಒಂದೇ ದಾರಿ. ಹೆಂಗಸರು ಗಂಡಸರು ಕೂಡಿ ಹಾಡಿದರೂ ಒಬ್ಬರ ಕಂಪನ ಸಂಖ್ಯೆ ಇನ್ನೊಬ್ಬರದಕ್ಕಿಂತ ಎರಡು ಪಟ್ಟು ಇದ್ದೀತು, ಮಟ್ಟು ಮಾತ್ರ ಒಂದೇ.

ಇಂಗ್ಲೆಂಡಿನಲ್ಲಿ 1973ರಲ್ಲಿ ಪೀಟರ್ ಫಿಲಿಪ್ಸ್ ಎಂಬವರು ‘ಟ್ಯಾಲಿಸ್ ಸ್ಕಾಲರ್ಸ್’ ಎಂಬ ಚಿಕ್ಕ ಗಾಯನ ತಂಡವನ್ನು ಕಟ್ಟಿದರು. ಹಾಡುವುದೇ ಇವರ ಉದ್ಯೋಗ. ನಾಲ್ಕೈದು ನೂರು ವರ್ಷ ಹಿಂದೆ ರಚಿತವಾದ, ಜನ ಅಪರೂಪಕ್ಕೆ ಕೇಳುತ್ತಿದ್ದ ಚರ್ಚಿನ ಹಾಡುಗಳನ್ನು ಹುಡುಕಿ ತೆಗೆದು ಹಾಡಿದರು. ತಂಡದ ಹೆಸರಿಗೆ ಕಾರಣನಾದ ಥಾಮಸ್ ಟ್ಯಾಲಿಸ್ 16ನೆಯ ಶತಮಾನದವನು. ಅವನ ಒಂದು ರಚನೆಯಲ್ಲಿ ನಲವತ್ತು ಬೇರೆ ಬೇರೆ ದನಿಗಳಿವೆ! ಅದನ್ನು ಇಂದಿಗೂ ಹಾಡಲು ಸಾಧ್ಯವಾಗಿರುವುದು ಏಕೆ? ಪ್ರತಿ ದನಿಯ ಸ್ವರವನ್ನೂ ಕಾಗದದ ಮೇಲೆ ಬರೆದಿಟ್ಟಿದ್ದರಿಂದ. ನಡುವೆ ಕೆಲವು ತಲೆಮಾರು ಹಾಡದೆ ಬಿಟ್ಟರೂ ಸ್ವರಲಿಪಿ ಓದಬಲ್ಲವರು ಅದನ್ನು ಮತ್ತೆ ಎಬ್ಬಿಸಬಹುದು.

ನಮ್ಮ ಹಾಡಿಗೆ ಈ ಅನುಕೂಲವಿಲ್ಲ.

ಕಾಗದಕ್ಕೆ ಬಂದದ್ದು, ಬಾರದ್ದು

ನಮ್ಮಲ್ಲಿ ಬರೆದಿಟ್ಟದ್ದೇ ಇಲ್ಲವೆಂದಲ್ಲ. 1824ರ ಕಿತ್ತೂರಿನ ಯುದ್ಧ, ಬೈಲಹೊಂಗಲದಲ್ಲಿ ಸೆರೆಯಲ್ಲಿಯೇ ಮುಗಿದ ರಾಣಿ ಚನ್ನಮ್ಮನ ಬಾಳು, 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ಸಾಹಸ ಇವೆಲ್ಲ ಪಠ್ಯಪುಸ್ತಕಕ್ಕೆ ಬರುವ ಎಷ್ಟೋ ಮೊದಲೇ ಲಾವಣಿಯಾಗಿ ಹಳ್ಳಿಗಳಲ್ಲಿ ಓಡಾಡಿದವು. ಶಾಸನಗಳ ಸಂಶೋಧಕನೆಂದು ಹೆಸರಾದ ಇಂಗ್ಲಿಷ್ ಅಧಿಕಾರಿ ಜಾನ್ ಫೇಯ್ತ್‌ಫುಲ್ ಫ್ಲೀಟ್ ಈ ಭಾಗದ ಲಾವಣಿಗಳನ್ನು ಬರೆದುಕೊಂಡು 1885ರಿಂದ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಇಂಗ್ಲಿಷ್ ಅನುವಾದದೊಡನೆ ಅಚ್ಚುಹಾಕಿಸಿದ. ಅವುಗಳಲ್ಲಿ ರಾಯಣ್ಣನ ಲಾವಣಿಯಿದೆ. 1857ರಲ್ಲಿ ಆಯುಧ ಒಪ್ಪಿಸಲು ಒಲ್ಲೆವೆಂದ ಹಲಗಲಿಯ ಬೇಡರ ಲಾವಣಿಯಿದೆ. ಸರಕಾರ ವರಮಾನ ತೆರಿಗೆ ಹಾಕಿದ್ದರ ಮೇಲೂ ಒಂದು ಲಾವಣಿಯಿದೆ. ಯಾರ ಆಡಳಿತದ ವಿರುದ್ಧ ಹಾಡು ಹುಟ್ಟಿತೋ ಅದೇ ಆಡಳಿತದ ಅಧಿಕಾರಿಯೇ ಅದನ್ನು ಕಾಪಾಡಿಟ್ಟದ್ದು ಇತಿಹಾಸದ ಒಂದು ಸೋಜಿಗ.

ಅನಂತರ ನಮ್ಮವರೂ ಈ ಕೆಲಸಕ್ಕೆ ಕೈಹಾಕಿದರು. 1931ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಸಂಗ್ರಹವನ್ನು ಹೊರತಂದು, ಬೀಸುವ ಕಲ್ಲಿನ ಮುಂದಿನ ಹಾಡು ಸಾಹಿತ್ಯವೆಂದು ತೋರಿಸಿಕೊಟ್ಟರು. ರಾಮದುರ್ಗ ತಾಲೂಕಿನ ಹುಲಕುಂದದ ಭೀಮಕವಿ ಸ್ವಾತಂತ್ರ್ಯ ಚಳವಳಿಯ ದಿನಗಳಲ್ಲಿ ಗೀಗೀ ಪದ ಕಟ್ಟಿದರು. ಪತ್ರಿಕೆ ಓದಲು ಬಾರದ ಜನಕ್ಕೆ ಚಳವಳಿಯ ಸುದ್ದಿ ಮುಟ್ಟಿಸಿದ್ದು ಇಂಥ ಪದಗಳೇ.

ಪುಸ್ತಕ ತೆರೆದರೆ ಇವುಗಳ ಮಾತು ಸಿಗುತ್ತದೆ. ಆದರೆ ಮಟ್ಟು? ಯಾವ ಅಕ್ಷರವನ್ನು ಎಳೆಯಬೇಕು, ಏರು ಎಲ್ಲಿಂದ ಹಿಡಿಯಬೇಕು, ಹಿಂದಿನವರು ಯಾವ ಶಬ್ದಕ್ಕೆ ದನಿ ಕೂಡಿಸಬೇಕು? ಅಚ್ಚಿನ ಸಾಲು ಇದನ್ನು ಹೇಳುವುದಿಲ್ಲ. ಮಾತಷ್ಟೇ ಉಳಿದ ಹಾಡು ಸಿಪ್ಪೆ ಸಹಿತ ಒಣಗಿಸಿಟ್ಟ ಹಣ್ಣಿನಂತೆ. ಆಕಾರ ಇರುತ್ತದೆ, ರಸ ಇರುವುದಿಲ್ಲ.

ಉಳಿದರ್ಧ ಉತ್ತರ

ಹಾಗಿದ್ದರೆ ಸ್ವರಲಿಪಿಯಿಲ್ಲದ ಈ ಪದಗಳು ಇಷ್ಟು ತಲೆಮಾರು ಹೇಗೆ ದಾಟಿ ಬಂದವು? ಇಲ್ಲಿಗೆ ಹುಡುಗನ ಪ್ರಶ್ನೆಯ ಉಳಿದರ್ಧ ಉತ್ತರ ಸಿಗುತ್ತದೆ. ಹಿಮ್ಮೇಳವೇ ಆ ಸ್ವರಲಿಪಿ.

ಹಿಂದೆ ನಿಂತ ತರುಣ ಪ್ರತಿ ನುಡಿಯನ್ನೂ ಮೊದಲು ಕೇಳುತ್ತಾನೆ, ಕೂಡಲೇ ತಾನೇ ಹಾಡುತ್ತಾನೆ. ಮರುದಿನ ಮತ್ತೊಂದು ಊರಿನಲ್ಲಿ ಅದೇ ಪದ, ಅದೇ ಕೆಲಸ. ತಪ್ಪಿದರೆ ಮುಂದಿನವನು ಹೊರಳಿ ನೋಡಿದ ಒಂದು ನೋಟ ಸಾಕು. ಬರಿದೇ ಓದುವುದಕ್ಕಿಂತ ನೆನಪಿನಿಂದ ತೆಗೆದು ಹೇಳಿದಾಗ ಪಾಠ ಹೆಚ್ಚು ಗಟ್ಟಿಯಾಗುತ್ತದೆಂದು ಮನೋವಿಜ್ಞಾನ ಹೇಳುತ್ತದೆ. ಹಿಮ್ಮೇಳದವನು ಪ್ರತಿ ರಾತ್ರಿ ಮಾಡುವುದು ಅದನ್ನೇ. ಕೆಲವು ವರ್ಷಗಳಲ್ಲಿ ಇಡೀ ಪದಭಂಡಾರ ಅವನ ಕೊರಳಿಗೆ ಇಳಿದಿರುತ್ತದೆ. ಮುಂದಿನವನಿಗೆ ವಯಸ್ಸಾದಾಗ ದಪ್ಪು ಇವನ ಕೈಗೆ ಬರುತ್ತದೆ, ಇವನ ಹಿಂದೆ ಇನ್ನೊಬ್ಬ ಬಂದು ನಿಲ್ಲುತ್ತಾನೆ. ಪ್ರವೇಶ ಪರೀಕ್ಷೆಯಿಲ್ಲದ, ಶುಲ್ಕವಿಲ್ಲದ ಶಾಲೆ ಇದು.

ಈಗ ಆ ಶಾಲೆಗೆ ಕುತ್ತು ಬಂದಿರುವುದು ಮೈಕಿನಿಂದ ಎಂದರೆ ಆಶ್ಚರ್ಯವಾದೀತು. ಮೈಕು ದನಿಯನ್ನು ದೂರ ಮುಟ್ಟಿಸಿ ಉಪಕಾರ ಮಾಡಿತು, ನಿಜ. ಆದರೆ ಅದರ ಜೊತೆಗೆ ಕ್ಯಾಸೆಟ್ಟು, ಆಮೇಲೆ ಮೊದಲೇ ಮುದ್ರಿಸಿಟ್ಟ ವಾದ್ಯಸಂಗೀತ ಬಂದವು. ಗುಂಡಿ ಒತ್ತಿದರೆ ತಾಳ, ಶ್ರುತಿ ಎರಡೂ ಸಿದ್ಧ. ಹಿಂದೆ ನಿಲ್ಲುವ ಇಬ್ಬರಿಗೆ ಸಂಭಾವನೆ ಕೊಡಬೇಕಿಲ್ಲ. ಯಂತ್ರ ಶ್ರುತಿ ಹಿಡಿಯುತ್ತದೆ, ತಪ್ಪದೆ ತಾಳ ಹಾಕುತ್ತದೆ. ಆದರೆ ಅದು ನಾಳೆ ಮುಂದೆ ಬಂದು ನಿಂತು ಹಾಡಲಾರದು, ಎದುರಿನವರ ಸವಾಲಿಗೆ ಜವಾಬು ಕಟ್ಟಲಾರದು.

ಇಂದು ಪ್ರತಿ ಮನೆಯಲ್ಲಿಯೂ ಮೊಬೈಲು ಇದೆ. ಅದರಲ್ಲಿ ಅಜ್ಜಿಯ ಸೋಬಾನೆ ಪದವನ್ನು ಮಟ್ಟಿನ ಸಮೇತ ಮುದ್ರಿಸಬಹುದು. ಫ್ಲೀಟನಿಗೆ ಇಲ್ಲದ ಸೌಕರ್ಯವಿದು. ಹಾಡಿದವರ ಒಪ್ಪಿಗೆ ಕೇಳಿ, ಊರು, ಹಾಡುವ ಸಂದರ್ಭ, ಅವರು ಯಾರಿಂದ ಕಲಿತರೆಂಬುದನ್ನು ಒಂದು ವಹಿಯಲ್ಲಿ ಬರೆದಿಡಬೇಕು. ಆದರೆ ಅಲ್ಲಿಗೇ ನಿಂತರೆ ಅದು ಇನ್ನೊಂದು ಬಗೆಯ ಒಣ ಹಣ್ಣು. ಅಜ್ಜಿಯ ಎದುರು ಕೂತು, ಆಕೆ ಒಂದು ನುಡಿ ಹೇಳಿದರೆ ತಾವೂ ಹಿಂದಿನಿಂದ ಹಾಡಬೇಕು.

ಮಾಡಿ ನೋಡಿ

ನಾಲ್ವರು ಗೆಳೆಯರು ಸೇರಿ. ಒಬ್ಬನು ‘ಆ’ ಎಂದು ಒಂದೇ ಸ್ವರ ಹಿಡಿಯಲಿ. ಎಷ್ಟು ಸೆಕೆಂಡಿಗೆ ಉಸಿರು ಮುಗಿಯಿತು, ಗಡಿಯಾರ ನೋಡಿ ಬರೆದುಕೊಳ್ಳಿ. ಅನಂತರ ನಾಲ್ವರೂ ಹಿಡಿಯಿರಿ. ಒಬ್ಬರಾದ ಮೇಲೆ ಒಬ್ಬರು ಮಾತ್ರ ಉಸಿರು ಎಳೆಯಬೇಕು, ಸ್ವರ ಕಡಿಯಬಾರದು. ಈಗ ಎಷ್ಟು ಹೊತ್ತು ನಡೆಯಿತು? ಕೊನೆಗೆ ಇಬ್ಬರು ಒಂದೇ ಸ್ವರ ಹಿಡಿದಿರುವಾಗ ಒಬ್ಬನು ದನಿಯನ್ನು ಬಹಳ ನಿಧಾನವಾಗಿ ಸ್ವಲ್ಪವೇ ಸರಿಸಲಿ. ದನಿ ಉಬ್ಬಿ ಇಳಿದಂತೆ ಕೇಳುತ್ತದೆ. ಒಬ್ಬನದು 256, ಇನ್ನೊಬ್ಬನದು 258 ಕಂಪನವಾದರೆ ಸೆಕೆಂಡಿಗೆ ಎರಡು ಸಲ ಆ ಉಬ್ಬರ ಬರುತ್ತದೆ. ಭೌತಶಾಸ್ತ್ರದಲ್ಲಿ ಇದಕ್ಕೆ ವಿಸ್ಪಂದ ಎನ್ನುತ್ತಾರೆ. ಅದು ನಿಂತಿತೆಂದರೆ ಇಬ್ಬರ ದನಿ ಕೂಡಿತೆಂದು ತಿಳಿಯಬೇಕು.

ಮಕ್ಕಳನ್ನು ವೇದಿಕೆಯ ಮುಂದೆ ನಿಲ್ಲಿಸಬೇಕೆಂಬ ಆಸೆ ಎಲ್ಲ ತಂದೆತಾಯಿಗಳಿಗೂ ಇರುತ್ತದೆ. ಅದು ತಪ್ಪಲ್ಲ. ಅದಕ್ಕೆ ಮುಂಚೆ ಅವರು ಕೆಲವು ಕಾಲ ಹಿಂದೆ ನಿಂತು, ಮುಂದಿನವರ ದನಿ ಕೇಳಿ, ಅದಕ್ಕೆ ತಮ್ಮ ದನಿ ಕೂಡಿಸುವುದನ್ನು ಕಲಿಯಲಿ. ಮುಂದಿನವನ ಉಸಿರು ಮುಗಿಯುವ ಗಳಿಗೆ ಯಾವುದೆಂದು ಹಿಂದೆ ನಿಂತವನಿಗೇ ಮೊದಲು ತಿಳಿಯುತ್ತದೆ.